ಲೆಫ್ಟ್ ಬ್ಯಾಕ್ ಆಗಿರುವ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಇದನ್ನು ಫೋನಿನಲ್ಲೇ ಹೇಳೋಣ ಅಂತಿದ್ದೆ. ಆದರೆ ನೀನು ಎರಡು ಮಾತಿಗೇ "ಸರಿ ಅಪ್ಪಾ, ಟ್ರೇನಿಂಗ್‌ಗೆ ಹೊತ್ತಾಯ್ತು" ಅಂತ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆವರೆಗೆ ಓದುತ್ತೀಯ ಅಂತ ನಂಬಿಕೆ. ಸೋಮವಾರಪೇಟೆಯಲ್ಲಿ ಮಳೆ ಬಿಡುವ ಲಕ್ಷಣವಿಲ್ಲ. ಶಾಂತಳ್ಳಿ ಕಡೆ ಇನ್ನೂ ಜಾಸ್ತಿಯಂತೆ. ತೋಟಕ್ಕೆ ಕಾಲಿಡುವ ಹಾಗಿಲ್ಲ, ಕರೆಂಟೂ ಇಲ್ಲ. ಬರೆಯೋಕೆ ಪುರುಸೊತ್ತು ಸಿಕ್ಕಿದೆ.

ನಿನ್ನನ್ನು ಫುಟ್ಬಾಲಿನ ಸೀನಿಯರ್ ಟೀಮಿಗೆ ಕರೆದಿದ್ದಾರೆ ಅಂತ ಗೊತ್ತಾದ ಕೂಡಲೇ ಅಮ್ಮ ಕೇಸರಿಬಾತ್ ಮಾಡಿ ಬೀದಿಗೆಲ್ಲ ಹಂಚಿದಳು. ನಿನ್ನ ದನಿಯಲ್ಲಿ ಮಾತ್ರ ಖುಷಿ ಇರಲಿಲ್ಲ. "ನನ್ನ ಆಟ ನೋಡಿ ಕರೆದದ್ದಲ್ಲ ಅಪ್ಪಾ. ಟೀಮಿನ ಒಬ್ಬ ಅಕ್ಕನ ಮೊಣಕಾಲು ಹೋಯ್ತು, ಜನ ಇರಲಿಲ್ಲ, ಕರೆದ್ರು. ಅದೂ ಹಿಂದೆ ಎಡಗಡೆ ಕಾಯೋ ಲೆಫ್ಟ್ ಬ್ಯಾಕ್‌ಗೆ. ನಾನು ಮುಂದೆ ಅಂಚಲ್ಲಿ ಆಡೋ ವಿಂಗರ್" ಅಂದೆ. ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಅದಕ್ಕೇ ಈ ಪತ್ರ.

ನಿನ್ನ ರೂಮಿನ ಗೋಡೆಯ ಮೇಲೆ ಒಬ್ಬ ಹುಡುಗ ಇದ್ದಾನಲ್ಲ, ಇಂಗ್ಲೆಂಡಿನ ಆಟಗಾರ ಬುಕಾಯೊ ಸಾಕಾ. ನೀನು ಬೆಂಗಳೂರಿಗೆ ಹೋದ ಮೇಲೂ ಅಮ್ಮ ಆ ಚಿತ್ರ ತೆಗೆಯೋಕೆ ಬಿಟ್ಟಿಲ್ಲ. ಅವನ ಗೋಲುಗಳೆಲ್ಲ ನಿನಗೆ ಬಾಯಿಪಾಠ. ಆದರೆ ಅವನು ಮೊದಲ ತಂಡದಲ್ಲಿ ನೆಲೆ ನಿಂತದ್ದು ಹೇಗೆ ಅಂತ ಒಮ್ಮೆ ನೋಡು. ನೈಜೀರಿಯಾದಿಂದ ಬಂದ ಅಪ್ಪ ಅಮ್ಮನ ಮಗ. ಮನೆ ಲಂಡನ್ನಿನ ಪಶ್ಚಿಮಕ್ಕೆ, ಆರ್ಸೆನಲ್ ಕ್ಲಬ್ಬಿನ ಹೇಲ್ ಎಂಡ್ ಅಕಾಡೆಮಿ ಊರಿನ ಇನ್ನೊಂದು ತುದಿಗೆ. ಸಣ್ಣವನಿದ್ದಾಗಲೇ ಅಲ್ಲಿಗೆ ಸೇರಿದ. 2018ರ ನವೆಂಬರ್ 29ರಂದು ಯುರೋಪಾ ಲೀಗ್‌ನಲ್ಲಿ ಉಕ್ರೇನಿನ ವೋರ್ಸ್ಕ್ಲಾ ತಂಡದ ಎದುರು ಮೊದಲ ಸಲ ಆಡಿದ. ಹದಿನೇಳು ವರ್ಷ, ನಿನ್ನದೇ ವಯಸ್ಸು. ಇಳಿದದ್ದು ಬದಲಿ ಆಟಗಾರನಾಗಿ. 2019ರ ಜನವರಿ 1ರಂದು ಫುಲ್ಹಾಮ್ ಎದುರು ಪ್ರೀಮಿಯರ್ ಲೀಗ್‌ಗೆ ಕಾಲಿಟ್ಟಾಗಲೂ ಬದಲಿಯೇ.

ಮುಂದಿನ ಸೀಸನ್ನಿನಲ್ಲಿ ಕ್ಲಬ್ಬಿನ ಲೆಫ್ಟ್ ಬ್ಯಾಕ್‌ಗಳಾದ ಟಿಯರ್ನಿ, ಕೊಲಾಸಿನಾಕ್ ಇಬ್ಬರಿಗೂ ಗಾಯವಾಯಿತು. ಮುಂದೆ ಆಡಿ ಬೆಳೆದ ಹುಡುಗನನ್ನು ಹಿಂದೆ ನಿಲ್ಲಿಸಿದರು. ಅಕಾಡೆಮಿಯಲ್ಲಿ ಅವನಿಗೆ ಕಲಿಸಿದ್ದ ಯುಂಗ್‌ಬರ್ಗ್ ಆಗ ಸ್ವಲ್ಪ ದಿನ ಮೊದಲ ತಂಡವನ್ನು ನೋಡಿಕೊಂಡರು, ಆಮೇಲೆ ಕೋಚ್ ಆಗಿ ಅರ್ಟೆಟಾ ಬಂದರು. ಇಬ್ಬರೂ ಅವನನ್ನು ಅಲ್ಲೇ ಆಡಿಸಿದರು. ಆ ಸೀಸನ್ನಿನಲ್ಲಿ ಅವನು ತಾನು ಹೊಡೆದ ಗೋಲಿಗಿಂತ ಬೇರೆಯವರಿಂದ ಹೊಡೆಸಿದ್ದು ಜಾಸ್ತಿ. ಎಡಗಡೆ ಹಿಂದಿನಿಂದ ಓಡಿ ಬಂದು ಕ್ರಾಸ್ ಹಾಕುವುದು, ಎದುರಾಳಿ ತಿರುಗುವಷ್ಟರಲ್ಲಿ ಚೆಂಡು ಬಾಕ್ಸಿನೊಳಗೆ. ಅವನ ಅಂಗಿಯ ನಂಬರ್ ನೋಡಿದ್ದೀಯಾ? ಮೊದಲು 87. ಆಮೇಲೆ 77. ಅದಾದ ಮೇಲೆ 7. ನಿನಗೆ ಕೊಟ್ಟ 41 ನೋಡಿ ಮುಖ ಸಿಂಡರಿಸಿದ್ದೆ ಅಂತ ತಮ್ಮ ಹೇಳಿದ. ಇರಲಿ ಬಿಡು, ಸಾಕಾಗಿಂತ ನೀನು ಮುಂದೆಯೇ ಇದ್ದೀಯ!

ರಾಶ್‌ಫರ್ಡ್ ಕಥೆ ಇನ್ನೂ ತಮಾಷೆ. 2016ರ ಫೆಬ್ರವರಿ 25. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಡೆನ್ಮಾರ್ಕಿನ ಒಂದು ತಂಡದ ಜೊತೆ ಪಂದ್ಯ. ವಾರ್ಮಪ್ ಮಾಡುವಾಗ ಯುನೈಟೆಡ್ಡಿನ ಮುಂದಿನ ಸಾಲಿನ ಆಟಗಾರ ಮಾರ್ಸಿಯಾಲ್‌ಗೆ ಗಾಯವಾಯಿತು. ಕಡೇ ಗಳಿಗೆಯಲ್ಲಿ ಈ ಹದಿನೆಂಟರ ಹುಡುಗನನ್ನು ಇಳಿಸಿದರು. ಎರಡು ಗೋಲು. ಮೂರು ದಿನಕ್ಕೆ ಆರ್ಸೆನಲ್ ಎದುರು ಮತ್ತೆ ಎರಡು. ಯಾಕೆ ಇಳಿಸಿದರು ಅಂತ ಅವತ್ತು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಏಳು ವರ್ಷದವನಿದ್ದಾಗಿನಿಂದ ಅದೇ ಕ್ಲಬ್ಬಿನಲ್ಲಿ ಕಲಿತಿದ್ದ. ಗಾಯ ಮಾರ್ಸಿಯಾಲ್‌ನದು, ಗೋಲು ಇವನದೇ ತಾನೇ?

ನಮ್ಮ ತೋಟದಲ್ಲೂ ಕಾಂಡಕೊರಕ ತಿಂದ ಅರೇಬಿಕಾ ಗಿಡ ಕಿತ್ತು ಅದೇ ಜಾಗಕ್ಕೆ ಹೊಸ ಸಸಿ ಹಾಕುತ್ತೇವೆ. ನಾಲ್ಕೈದು ವರ್ಷದ ಮೇಲೆ ಕಾಫಿ ಕುಯ್ಯಲು ಬಂದವರು ಇದು ಮೊದಲಿನ ಗಿಡವೋ, ಖಾಲಿ ಜಾಗಕ್ಕೆ ಹಾಕಿದ್ದೋ ಅಂತ ಕೇಳುವುದಿಲ್ಲ. ಹಣ್ಣು ಇದೆಯಾ ಅಂತ ನೋಡುತ್ತಾರೆ, ಅಷ್ಟೇ.

ಲೆಫ್ಟ್ ಬ್ಯಾಕ್ ಬಗ್ಗೆ ನನಗೂ ಸ್ವಲ್ಪ ಗೊತ್ತು. ಹಾಕಿಯಲ್ಲಿ ನಾನು ಲೆಫ್ಟ್ ಹಾಫ್. ದೊಡ್ಡ ಆಟಗಾರ ಏನಲ್ಲ, ಊರ ಟೂರ್ನಮೆಂಟುಗಳಲ್ಲಿ ಆಡಿದವನು. ಆದರೆ ಆ ಜಾಗ ಕಲಿಸುವುದನ್ನು ಬೇರೆ ಜಾಗ ಕಲಿಸುವುದಿಲ್ಲ. ವಿಂಗ್‌ನಲ್ಲಿ ನಿಂತಾಗ ಚೆಂಡು ನಿನ್ನ ಬೆನ್ನ ಹಿಂದಿನಿಂದ ಬರುತ್ತದೆ, ಅರ್ಧ ಮೈದಾನ ಕಾಣುವುದೇ ಇಲ್ಲ. ಹಿಂದೆ ನಿಂತರೆ ಇಡೀ ಆಟ ಕಣ್ಣೆದುರಿಗೆ. ಎದುರು ತಂಡದ ವಿಂಗರ್ ನಿನ್ನ ಮೇಲೆ ಓಡಿ ಬರುವಾಗ ನಿನಗೆ ಯಾವುದು ಕಷ್ಟವಾಗುತ್ತದೆ ಅಂತ ಗಮನಿಸು. ಅವಳು ಹೊರಗಿನಿಂದ ಹೋಗುವುದಾ, ಒಳಗೆ ಕಡಿಯುವುದಾ? ಅಥವಾ ಸುಮ್ನೆ ನಿಂತು ನಿನ್ನನ್ನು ಕಾಯಿಸುವುದಾ? ನಿನಗೆ ಕಷ್ಟವಾದದ್ದನ್ನೇ ನಾಳೆ ವಿಂಗ್‌ಗೆ ವಾಪಸ್ ಹೋದಾಗ ಇನ್ನೊಬ್ಬಳಿಗೆ ಮಾಡು. ಸಾಕಾ ಆಮೇಲೆ ಬಲಗಡೆ ವಿಂಗರ್ ಆಗಿ ಬೆಳೆದ. ಹಿಂದೆ ಆಡಿದ್ದರಿಂದ ಅವನಿಗೇನೂ ನಷ್ಟವಾಗಲಿಲ್ಲ.

ಒಂದು ಎಚ್ಚರಿಕೆ. ಮುಂದೆ ತಪ್ಪಿದರೆ ಚೆಂಡು ಹೋಗುತ್ತದೆ, ಹಿಂದೆ ತಪ್ಪಿದರೆ ಗೋಲು ಹೋಗುತ್ತದೆ. ನಿನ್ನಿಂದ ಒಂದು ಗೋಲು ಹೋಗಿಯೇ ಹೋಗುತ್ತದೆ. ಅವತ್ತು ರಾತ್ರಿ ಮೊಬೈಲ್ ನೋಡಬೇಡ. 2021ರ ಜುಲೈ 11ರಂದು ಯುರೋಪಿನ ದೇಶಗಳ ಯೂರೋ ಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಕೊನೆಯ ಪೆನಾಲ್ಟಿ ಹೊಡೆದವನು ಹತ್ತೊಂಬತ್ತರ ಸಾಕಾ. ಇಟಲಿಯ ಗೋಲ್‌ಕೀಪರ್ ತಡೆದ. ಅವನ ಮೈಬಣ್ಣ ಹಿಡಿದು ಜನ ಬೈದದ್ದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಮೂರು ವರ್ಷದ ಮೇಲೆ ಮುಂದಿನ ಯೂರೋದಲ್ಲಿ ಸ್ವಿಟ್ಜರ್ಲೆಂಡ್ ಎದುರು ಸಮ ಮಾಡಿದ ಗೋಲೂ ಅವನದೇ, ಪೆನಾಲ್ಟಿ ಶೂಟೌಟಿನಲ್ಲಿ ಮತ್ತೆ ಮುಂದೆ ಬಂದು ಹೊಡೆದವನೂ ಅವನೇ.

ಇದೆಲ್ಲ ಹುಡುಗರ ಕಥೆ ಅಂತೀಯ. ಗೊತ್ತು. ಬಾರ್ಸಿಲೋನಾ ಕ್ಲಬ್ಬಿನ ಕಿರಿಯ ಆಟಗಾರರ ಹೆಸರಾಂತ ಲಾ ಮಾಸಿಯಾ ಹಾಸ್ಟೆಲ್ ಶುರುವಾದದ್ದು 1979ರಲ್ಲಿ. ಅಲ್ಲಿ ಹುಡುಗಿಯರಿಗೆ ಉಳಿಯಲು ಜಾಗ ಸಿಕ್ಕಿದ್ದು 2021ರಲ್ಲಿ! ನಮ್ಮಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ಶುರುವಾದದ್ದೇ 2016-17ರಲ್ಲಿ. ಕೊಡಗಿನಲ್ಲಂತೂ ಓಡುವ ಮಗು ಕಂಡರೆ ಸಾಕು, ಕೂಡಿಗೆ ಕ್ರೀಡಾಶಾಲೆಗೆ ಕಳಿಸಿ, ಕೈಗೊಂದು ಸ್ಟಿಕ್ ಕೊಡಿ ಅನ್ನುತ್ತಾರೆ. ತಪ್ಪೇನಿಲ್ಲ, ಹಾಕಿ ನಮ್ಮ ಹೆಮ್ಮೆ. ಕರಡದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಎಷ್ಟು ದೊಡ್ಡದಾಗಿದೆ ನೋಡು. ಆದರೆ ಕೆಸರುಗದ್ದೆ ಆಟದಲ್ಲಿ ಹುಡುಗರ ಮಧ್ಯೆ ಚೆಂಡು ಒದೆಯುತ್ತಿದ್ದ ನಿನ್ನನ್ನು ಕಂಡವರು "ಹೆಣ್ಣುಮಗುಗೆ ಫುಟ್ಬಾಲಾ?" ಅಂತ ಕೇಳಿದ್ದು ನನಗೆ ನೆನಪಿದೆ. ಅವರೇ ಮೊನ್ನೆ ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡರು.

ಬಾರ್ಸಿಲೋನಾ ಅಂದೆನಲ್ಲ, ಅಲ್ಲಿಯೇ ನಿನಗೆ ಬೇಕಾದ ಮಾತು ಇದೆ. ಅಲೆಕ್ಸಿಯಾ ಪುಟೆಯಾಸ್ 2021, 2022ರಲ್ಲಿ ವರ್ಷದ ಶ್ರೇಷ್ಠ ಆಟಗಾರ್ತಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದವಳು. 2022ರ ಜುಲೈಯಲ್ಲಿ, ಯೂರೋ ಶುರುವಾಗುವ ಹೊತ್ತಿಗೆ ಸರಿಯಾಗಿ, ಪ್ರಾಕ್ಟೀಸಿನಲ್ಲಿ ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು. ಹೆಚ್ಚುಕಮ್ಮಿ ಒಂದು ಸೀಸನ್ ಮನೆಯಲ್ಲಿ. ಆ ಹೊರೆ ಹೊತ್ತವರಲ್ಲಿ ಐತಾನಾ ಬೊನ್ಮಾತಿ ಮುಖ್ಯ. ಅವಳೂ ಅದೇ ಕ್ಲಬ್ಬಿನ ಕಿರಿಯರ ತಂಡಗಳಲ್ಲಿ ಬೆಳೆದವಳೇ. 2023, 2024, 2025, ಮೂರು ವರ್ಷ ಸಾಲಾಗಿ ಬ್ಯಾಲನ್ ಡಿ'ಓರ್ ಅವಳದೇ. ಹಾಗಾದರೆ ಅಲೆಕ್ಸಿಯಾ ಮುಗಿದಳಾ? ಇಲ್ಲ. 2024ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿಯೋನ್ ಎದುರು 2-0. ಒಂದು ಗೋಲು ಐತಾನಾಳದು, ಇನ್ನೊಂದು ಅಲೆಕ್ಸಿಯಾಳದು.

ಅದಕ್ಕೇ ಹೇಳುವುದು, ಆ ಅಕ್ಕನನ್ನು ಹೋಗಿ ನೋಡು. ಮುಖ ತೋರಿಸೋಕೆ ಸಂಕೋಚ ಅಂದೆ. ಯಾಕೆ? ನೀನೇನು ಅವಳ ಕಾಲು ಮುರಿದೆಯಾ? ಹಣ್ಣು ತಗೊಂಡು ಹೋಗು. ಲೀಗಿನಲ್ಲಿ ಯಾವ ರೈಟ್ ವಿಂಗರ್ ಯಾವ ಕಾಲಿನವಳು, ನಿಮ್ಮ ಸೆಂಟರ್ ಬ್ಯಾಕ್ ಯಾವಾಗ ಮುಂದೆ ಬರುತ್ತಾಳೆ, ಕಾರ್ನರ್ ಬಂದಾಗ ನೀನು ಯಾರನ್ನು ಹಿಡಿಯಬೇಕು, ಎಲ್ಲ ಕೇಳು. ಗಾಯವಾಗಿ ಕೂತವರಿಗೆ ಯಾರಾದರೂ ಆಟದ ವಿಷಯ ಕೇಳಿದರೇ ಸಾಕು. ಅವಳು ವಾಪಸ್ ಬಂದಾಗ ಅವಳು ಹಿಂದೆ, ನೀನು ಮುಂದೆ. ಒಂದೇ ಗೆರೆಯಲ್ಲಿ ಇಬ್ಬರೂ ಆಡುವವರು.

ನಿನ್ನ ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ಈ ಎಸಿಎಲ್ ಗಾಯ ಹುಡುಗಿಯರಿಗೆ ಹುಡುಗರಿಗಿಂತ ಜಾಸ್ತಿ ಆಗುತ್ತದೆ. ಫಿಫಾ 11+ ಅಂತ ವಾರ್ಮಪ್ ಇದೆಯಲ್ಲ, ನಿಮ್ಮ ಕೋಚ್ ಮಾಡಿಸುತ್ತಾರೆ, ನೀನು ಬೋರು ಅನ್ನುತ್ತೀಯ. ಅದನ್ನು ಒಂದು ದಿನವೂ ತಪ್ಪಿಸಬೇಡ. ಹಾರಿ ಇಳಿಯುವಾಗ ಮೊಣಕಾಲು ಒಳಗೆ ಬಾಗದ ಹಾಗೆ ನೋಡಿಕೋ. ನೋವಿದ್ದರೆ ಜಾಗ ಹೋಗುತ್ತದೆ ಅಂತ ಮುಚ್ಚಿಡಬೇಡ. ಬೆಳಿಗ್ಗೆ ಬರೀ ಕಾಫಿ ಕುಡಿದು ಮೈದಾನಕ್ಕೆ ಹೋಗುವುದು ಬಿಡು. ಕಾಫಿ ಬೆಳೆಯುವವನೇ ಹೇಳುತ್ತಿದ್ದೇನೆ.

ಸೆಕೆಂಡ್ ಪಿಯುಸಿ ಬಗ್ಗೆ ಅಮ್ಮ ಬರೆಯಬೇಕಿತ್ತು, ನನ್ನ ಮೇಲೆ ಹಾಕಿದಳು. ಸ್ಪೇನಿನ ಲಮೀನ್ ಯಮಾಲ್ 2024ರ ಯೂರೋ ಆಡಲು ಹೋದಾಗ ಶಾಲೆಯ ಹೋಮ್‌ವರ್ಕ್ ಹೊತ್ತುಕೊಂಡು ಹೋಗಿದ್ದ. ಹದಿನೇಳು ತುಂಬಿದ ಮರುದಿನ ಕಪ್ ಗೆದ್ದ. ನಿನಗೆ ಇರುವುದು ಅಕೌಂಟೆನ್ಸಿ ಒಂದೇ ತಲೆನೋವು. ಬಸ್ಸಿನಲ್ಲಿ ಕೂತಾಗ ಒಂದೊಂದು ಲೆಕ್ಕ ಮಾಡಿದರೂ ಆಯಿತು.

ಭಾನುವಾರದ ಪಂದ್ಯಕ್ಕೆ ಅಶೋಕನಗರದ ಸ್ಟೇಡಿಯಂಗೆ ನಾವೆಲ್ಲ ಬರುತ್ತೇವೆ. ಶನಿವಾರ ರಾತ್ರಿ ಬಸ್ಸು ಬುಕ್ ಆಗಿದೆ. ಅಜ್ಜಿಯೂ ಹೊರಟಿದ್ದಾರೆ. ಗೋಲು ಹೊಡೆಯುವ ಹುಡುಗಿಯನ್ನು ಗೋಲಿನಿಂದ ಅಷ್ಟು ದೂರ ಯಾಕೆ ನಿಲ್ಲಿಸಿದ್ದಾರೆ ಅಂತ ಕೋಚನ್ನೇ ಕೇಳುತ್ತಾರಂತೆ. ಪಂದ್ಯ ಮುಗಿದ ಮೇಲೆ ಅವರನ್ನು ಕೋಚ್ ಹತ್ತಿರ ಬಿಡದೆ ಹಿಡಿದುಕೊಳ್ಳುವ ಕೆಲಸ ನಿನ್ನದು. ಬೆಂಚಿನಲ್ಲೇ ಕೂರಿಸಿದರೂ ಬೇಜಾರಿಲ್ಲ, ನಾವು ಬಂದೇ ಬರುತ್ತೇವೆ. ಅಮ್ಮ ಚಕ್ಕುಲಿ ಮಾಡುತ್ತಿದ್ದಾಳೆ. ಹಾಸ್ಟೆಲಿನವರಿಗೂ ಸೇರಿಸಿ ಎಷ್ಟು ಬೇಕು ಅಂತ ನಾಳೆಯೊಳಗೆ ಮೆಸೇಜ್ ಹಾಕು.

ನಿನ್ನ ಅಪ್ಪ