ಮುಹೂರ್ತದ ವಾಲಗದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರದ ಮದುವೆಗೆ ವಾಲಗದವರು ಗೊತ್ತಾದರು. ಎರಡು ನಾದಸ್ವರ, ಎರಡು ಡೋಲು, ಜೊತೆಗೆ ಶ್ರುತಿ, ತಾಳ. ಬೆಳಿಗ್ಗೆ 6ಕ್ಕೆ ಛತ್ರಕ್ಕೆ ಬರುತ್ತಾರೆ, ಧಾರೆ 9.40ಕ್ಕೆ.

ಗಟ್ಟಿಮೇಳ ಅಂದಾಗ ಬಾರಿಸಬೇಕಾದವರು ಇವರೇ. ಹಾಗಾಗಿ ಪುರೋಹಿತರ ಕೈಸನ್ನೆ ಅವರಿಗೆ ಕಾಣಲೇಬೇಕು. ಫೋಟೋದವರು ಅಡ್ಡ ನಿಲ್ಲದ ಹಾಗೆ ಹುಡುಗರು ನೋಡಿಕೊಳ್ಳಿ. ಹೋದ ವರ್ಷ ನಮ್ಮ ಮನೆ ಮದುವೆಯಲ್ಲೇ ತಾಳಿ ಕಟ್ಟಿ ಮುಗಿದ ಮೇಲೆ ಗಟ್ಟಿಮೇಳ ಶುರುವಾಗಿತ್ತು, ನೆನಪಿದೆ ಅಲ್ವಾ?

ಡೋಲಿಗೆ ಮೈಕ್ ಬೇಡ. ಬೆರಳಿಗೆ ಗಟ್ಟಿ ಕವಚ ತೊಟ್ಟು ಒಂದು ಕಡೆ, ಕೋಲಿನಿಂದ ಇನ್ನೊಂದು ಕಡೆ ಬಾರಿಸಿದರೆ ಛತ್ರವೇ ನಡುಗುತ್ತದೆ. ಮೈಕ್ ಮಂತ್ರಕ್ಕೆ ಸಾಕು. ವಾಲಗ ಇರುವಾಗ ಸ್ಪೀಕರ್‌ನಲ್ಲಿ ಸಿನಿಮಾ ಹಾಡೂ ಬೇಡ, ದಯವಿಟ್ಟು.

ಬಂದ ತಕ್ಷಣ ಅವರಿಗೆ ಕಾಫಿ, 7ಕ್ಕೆ ತಿಂಡಿ. ಕೊನೇ ಪಂಕ್ತಿಗೆ ತಳ್ಳಬೇಡಿ, ಹೊಟ್ಟೆ ಹಸಿದು ನಾದಸ್ವರ ಊದೋದು ಸುಮ್ನೆ ಮಾತಲ್ಲ. ಮುಂಗಡ ಕೊಟ್ಟಾಗಿದೆ. ಬಾಕಿ ಹಣ, ತಾಂಬೂಲ, ಪಂಚೆ ಶಲ್ಯ ಧಾರೆ ಮುಗಿದ ಕೂಡಲೇ ಕೊಡಬೇಕು.

ಆರತಿಗೆ ಆನಂದಭೈರವಿ ಕೇಳಿದ್ದೇನೆ, ಅಜ್ಜಿಯ ಆಸೆ. ಬೇರೆ ರಾಗ, ಕೃತಿ ಬೇಕಿದ್ದವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಬಸ್ ಸ್ಟ್ಯಾಂಡಿನಿಂದ ಅವರನ್ನು ಕರೆತರಲು ಒಂದು ಕಾರು ಬೇಕು, ಡೋಲು ಹಿಡಿಸುವಂಥದ್ದು. ಯಾರು ಬರ್ತೀರಿ?