ಮಗಳಿಗೊಂದು ಪತ್ರ: ಒಬಾಮ ಮನೆಯವರ ಬಟ್ಟೆಬರೆ

ಪುಟ್ಟಿ,

"ಯಾರೋ ಅಧ್ಯಕ್ಷರ ಹೆಂಡತಿ ಏನು ಹಾಕಿಕೊಂಡರೆ ನಮಗೇನಮ್ಮ, ಇದೂ ಒಂದು ಸುದ್ದಿನಾ?" ಅಂತ ಕೇಳಿ ಫೋನ್ ಇಟ್ಟುಬಿಟ್ಟೆಯಲ್ಲ, ಆಗ ಅಂಗಡಿ ತುಂಬಾ ಗಿರಾಕಿಗಳಿದ್ದರು, ಅದಕ್ಕೆ ಸುಮ್ಮನಿದ್ದೆ. ನಾನು ಬಟ್ಟೆ ಹೊಲಿದು ಬದುಕುವವಳು. ನನಗಂತೂ ಇದು ಸುದ್ದಿಯೇ.

ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರ ಹೆಂಡತಿ ಮಿಷೆಲ್ ಒಬಾಮ ಅವರನ್ನೇ ತೆಗೆದುಕೋ. 2008ರ ಅಕ್ಟೋಬರ್, ಅಮೆರಿಕದಲ್ಲಿ ಚುನಾವಣೆಯ ಬಿಸಿ. ಎದುರು ಪಕ್ಷದಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಮತ್ತು ಅವರ ಮನೆಯವರ ಬಟ್ಟೆಬರೆಗೆ ಪಕ್ಷ ಸುಮಾರು 1,50,000 ಡಾಲರ್ ಸುರಿದಿದೆ ಅಂತ ಗದ್ದಲವೋ ಗದ್ದಲ. ಅದೇ ಹೊತ್ತಿಗೆ ಮಿಷೆಲ್ ಒಂದು ಟೀವಿ ಕಾರ್ಯಕ್ರಮಕ್ಕೆ ಹಳದಿ ಬಟ್ಟೆಯಲ್ಲಿ ಬಂದರು. ಬಟ್ಟೆಯ ಮಾತು ಬಂದಾಗ, ಇದು ಜೇ.ಕ್ರೂದು, ಆನ್‌ಲೈನ್‌ನಲ್ಲೇ ಒಳ್ಳೆಯದು ಸಿಗುತ್ತೆ ಅಂದರು. ಅಲ್ಲಿನ ಮಧ್ಯಮ ವರ್ಗದವರು ಹೋಗುವ ಅಂಗಡಿ ಅದು. ಒಂದು ಭಾಷಣ ಮಾಡುವ ಕೆಲಸವನ್ನು ಒಂದು ಸ್ಕರ್ಟ್ ಮಾಡಿಬಿಟ್ಟಿತು! ಲೆಕ್ಕ ಹಾಕಿಯೇ ಮಾಡಿದ್ದು ಅಂತ ನನಗನಿಸುತ್ತದೆ, ಅದರಲ್ಲಿ ತಪ್ಪೂ ಕಾಣುವುದಿಲ್ಲ. ಮೂರು ತಿಂಗಳಾದ ಮೇಲೆ, 2009ರ ಜನವರಿ 20ರಂದು, ಗಂಡ ಪ್ರಮಾಣ ವಚನ ತೆಗೆದುಕೊಳ್ಳುವಾಗ ಅವರ ಹೆಣ್ಣುಮಕ್ಕಳು, ಹತ್ತು ವರ್ಷದ ಮಲಿಯಾ, ಏಳು ವರ್ಷದ ಸಾಶಾ ಹಾಕಿದ್ದ ಕೋಟುಗಳೂ ಅದೇ ಕಂಪನಿಯವು.

ಅವತ್ತು ಮಿಷೆಲ್ ಹಾಕಿದ್ದು ಹಳದಿ ಹಸಿರಿನ ಲೇಸ್ ಉಡುಪು. ಅದನ್ನು ಮಾಡಿದವರು ಕ್ಯೂಬಾದಲ್ಲಿ ಹುಟ್ಟಿದ ಇಸಬೆಲ್ ಟೊಲೆಡೊ. ರಾತ್ರಿಯ ನೃತ್ಯಕೂಟಕ್ಕೆ ಒಂದೇ ಭುಜದ ಬಿಳಿ ಗೌನ್, ಅದು ತೈವಾನಿನಲ್ಲಿ ಹುಟ್ಟಿದ ಜೇಸನ್ ವೂ ಮಾಡಿದ್ದು. ಹುಡುಗನಿಗೆ ಆಗ ಬರೀ 26 ವರ್ಷ. ತನ್ನ ಗೌನನ್ನೇ ಹಾಕಿಕೊಂಡಿದ್ದಾರೆ ಅಂತ ಅವನಿಗೆ ಗೊತ್ತಾಗಿದ್ದು ಟೀವಿಯಲ್ಲಿ ನೋಡಿದಾಗ. ರಾತ್ರಿ ಬೆಳಗಾಗುವುದರಲ್ಲಿ ಅವನ ಹೆಸರು ಎಲ್ಲರ ಬಾಯಲ್ಲಿ. (ನಾನು ಹೊಲಿದ ಬ್ಲೌಸ್ ಹಾಕಿಕೊಂಡು ಪಕ್ಕದ ಬೀದಿಯ ಟೀಚರ್ ಶಾಲಾ ವಾರ್ಷಿಕೋತ್ಸವಕ್ಕೆ ಹೋದಾಗಲೇ ನನಗೆ ನಿದ್ದೆ ಬಂದಿರಲಿಲ್ಲ, ಇನ್ನು ಅವನ ಕಥೆ ಏನಾಗಿರಬೇಡ.) ಆ ಗೌನ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನದು.

ಅದೇ ವರ್ಷ ನವೆಂಬರಿನಲ್ಲಿ ನಮ್ಮ ಮನಮೋಹನ್ ಸಿಂಗ್ ಅವರಿಗೆ ಶ್ವೇತಭವನದಲ್ಲಿ ಔತಣ ಕೊಟ್ಟರಲ್ಲ, ಅವತ್ತಿನ ಗೌನ್ ಮಾಡಿದ್ದು ಮುಂಬೈನಲ್ಲಿ ಹುಟ್ಟಿದ ನಯೀಮ್ ಖಾನ್. 2015ರ ಜನವರಿಯಲ್ಲಿ ದಿಲ್ಲಿಯಲ್ಲಿ ವಿಮಾನ ಇಳಿದಾಗ ಹಾಕಿದ್ದು ಒಡಿಶಾದ ರೂರ್ಕೆಲಾದವರಾದ ಬಿಭು ಮೊಹಾಪಾತ್ರ ಅವರ ಡ್ರೆಸ್. ನೋಡು, ಬೇರೆ ದೇಶದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ಸೂಜಿ ಹಿಡಿದವರೇ ಎಷ್ಟು ಜನ! "ಜನ ನನ್ನನ್ನು ದಿಟ್ಟಿಸಿ ನೋಡುವುದನ್ನಂತೂ ಬಿಡುವುದಿಲ್ಲ, ನೋಡಿದ ಮೇಲೆ ಯಾರ ಹೆಸರು ಕೇಳಬೇಕು ಅನ್ನುವುದನ್ನಾದರೂ ನಾನು ತೀರ್ಮಾನಿಸುತ್ತೇನೆ" ಅಂತ ಮಿಷೆಲ್ ಹೊರಟ ಹಾಗಿದೆ. ನನಗೆ ಆಕೆಯಲ್ಲಿ ಇಷ್ಟವಾಗುವುದೇ ಇದು.

ದುಡ್ಡಿನ ವಿಷಯ. ಅಧ್ಯಕ್ಷರ ಹೆಂಡತಿಗೆ ಬಟ್ಟೆಗೆ ಅಂತ ಸರ್ಕಾರ ಒಂದು ಪೈಸೆ ಕೊಡುವುದಿಲ್ಲ, ಸಂಬಳವೂ ಇಲ್ಲ. ದೊಡ್ಡ ಸಮಾರಂಭಗಳಿಗೆ ಡಿಸೈನರ್‌ಗಳು ಉಡುಗೊರೆ ಕೊಟ್ಟರೆ ಅದು ಸರ್ಕಾರದ ಹೆಸರಿಗೆ ಹೋಗಿ ರಾಷ್ಟ್ರೀಯ ಪತ್ರಾಗಾರ ಸೇರುತ್ತದೆ. ಉಳಿದದ್ದಕ್ಕೆಲ್ಲ ಕೈಯಿಂದಲೇ ಖರ್ಚು. ಲಾಭ ಮಾತ್ರ ಬೇರೆಯವರಿಗೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಯರ್ಮ್ಯಾಕ್ ಅನ್ನುವವರು 2008ರ ಕೊನೆಯಿಂದ 2009ರ ಕೊನೆಯವರೆಗೆ ಮಿಷೆಲ್ ಜನರ ಮುಂದೆ ಬಂದ 189 ಸಂದರ್ಭಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಆಕೆ ಹಾಕಿದ ಬಟ್ಟೆಯ ಕಂಪನಿಗಳ ಷೇರಿಗೆ ಒಟ್ಟು 2.7 ಬಿಲಿಯನ್ ಡಾಲರ್ ಬೆಲೆ ಕೂಡಿತ್ತಂತೆ. ನಾಲ್ಕು ಡ್ರೆಸ್ ಹೊಲಿಸಿಕೊಂಡರೆ ಹುಡುಗಿಗೆ ಶೋಕಿ ಜಾಸ್ತಿ ಅನ್ನುವ ನಮ್ಮವರಿಗೆ ಈ ಲೆಕ್ಕ ಓದಿ ಹೇಳಬೇಕು.

ಇಷ್ಟೆಲ್ಲ ಇದ್ದರೂ 2009ರಲ್ಲಿ ಅಲ್ಲಿನ ಪತ್ರಿಕೆಗಳಿಗೆ ದೊಡ್ಡ ಚಿಂತೆಯಾಗಿದ್ದು ಆಕೆಯ ಬರಿ ತೋಳು! ಅಧಿಕೃತ ಭಾವಚಿತ್ರಕ್ಕೆ ತೋಳಿಲ್ಲದ ಕಪ್ಪು ಡ್ರೆಸ್ ಹಾಕಿದ್ದು ಸರಿಯಾ, ಸಂಸತ್ತಿಗೆ ಹಾಗೆ ಬರಬಹುದಾ ಅಂತ ಪುಟಗಟ್ಟಲೆ ಚರ್ಚೆ. ಗಂಡನ ಕಥೆ ಕೇಳು. 2017ರಲ್ಲಿ ಆಪಲ್ ಕಂಪನಿಯ ಸಮಾವೇಶದಲ್ಲಿ ಮಿಷೆಲ್ ಹೇಳಿಯೇಬಿಟ್ಟರು, ಆತ ಎಂಟು ವರ್ಷ ಒಂದೇ ಟಕ್ಸೀಡೋ (ಸಮಾರಂಭಕ್ಕೆ ಹಾಕುವ ಸೂಟು), ಒಂದೇ ಜೊತೆ ಶೂ ಹಾಕಿದರು, ಯಾರೂ ಗಮನಿಸಲಿಲ್ಲ ಅಂತ. ನಿನ್ನ ಅಪ್ಪನೂ ವರ್ಷಗಟ್ಟಲೆ ಅದೇ ಕ್ರೀಮ್ ಷರ್ಟಿನಲ್ಲಿ ಎಲ್ಲ ಮದುವೆಗೂ ಹೋಗುತ್ತಾರೆ, "ಸರಳ ಮನುಷ್ಯ" ಅಂತ ಹೊಗಳಿಸಿಕೊಂಡು ಬರುತ್ತಾರೆ. ಗಂಡಸರನ್ನು ನೋಡುವುದೇ ಇಲ್ಲ ಅಂತಲ್ಲ. 2014ರ ಆಗಸ್ಟಿನಲ್ಲಿ ಒಬಾಮ ಒಂದು ದಿನ ತಿಳಿ ಕಂದು ಸೂಟ್ ಹಾಕಿದ್ದಕ್ಕೂ ಗಲಾಟೆಯಾಯಿತು. ಆದರೆ ಆತನ ನಡತೆ ಸರಿಯಿಲ್ಲ ಅಂತ ಯಾರೂ ಅನ್ನಲಿಲ್ಲ, ಅಲ್ವಾ?

ಅದು ಬಂದಿದ್ದು ಹೆಣ್ಣುಮಕ್ಕಳ ಪಾಲಿಗೆ. ಅದೇ ವರ್ಷ ನವೆಂಬರಿನಲ್ಲಿ ಅಧ್ಯಕ್ಷರು ಒಂದು ಟರ್ಕಿ ಕೋಳಿಯನ್ನು ಹಬ್ಬದೂಟಕ್ಕೆ ಕೊಯ್ಯದೆ "ಕ್ಷಮೆ" ಕೊಡುವ ತಮಾಷೆಯ ಶಾಸ್ತ್ರ ನಡೆಯಿತು. ಪಕ್ಕದಲ್ಲಿ ಗಿಡ್ಡ ಸ್ಕರ್ಟ್ ಹಾಕಿ ಬೇಜಾರಿನಲ್ಲಿ ನಿಂತಿದ್ದ 16ರ ಮಲಿಯಾ, 13ರ ಸಾಶಾ ಬಗ್ಗೆ ಎದುರು ಪಕ್ಷದ ಸಂಸದರೊಬ್ಬರ ಕಚೇರಿಯ ಹೆಂಗಸು ಫೇಸ್‌ಬುಕ್ಕಿನಲ್ಲಿ ಬರೆದರು: ಗೌರವಕ್ಕೆ ತಕ್ಕ ಹಾಗೆ ಬಟ್ಟೆ ಹಾಕಿ, ಬಾರಿಗೆ ಹೋಗುವವರ ಹಾಗಲ್ಲ ಅನ್ನುವ ಅರ್ಥದಲ್ಲಿ. ಆ ಮಕ್ಕಳು ಯಾರ ಹತ್ತಿರವೂ ಓಟು ಕೇಳಿರಲಿಲ್ಲ. ಜನ ಸಿಟ್ಟಿಗೆದ್ದರು, ಆಕೆ ಕ್ಷಮೆ ಕೇಳಿದರು, ಕೆಲವೇ ದಿನಗಳಲ್ಲಿ ಕೆಲಸವನ್ನೂ ಬಿಟ್ಟರು. ನಮ್ಮ ಕಡೆ ಹೀಗೆ ಹೇಳಿದ ಅತ್ತೆ, ದೊಡ್ಡಮ್ಮಂದಿರು ಕೆಲಸ ಬಿಡುವುದಿರಲಿ, ಊಟವನ್ನೂ ಬಿಡುವುದಿಲ್ಲ.

ಚಿಕ್ಕಪ್ಪನ ಮನೆಯ ಮದುವೆಗೆ ತೋಳಿಲ್ಲದ ಬ್ಲೌಸ್ ಬೇಕು ಅಂದಿದ್ದೆ. ಹೊಲಿಯುತ್ತೇನೆ. ಆರ್ಮ್‌ಹೋಲ್ ಅಳತೆ ಸರಿಯಾಗಿ ತೆಗೆದು ಕಳಿಸು, ಹಳೇ ಬ್ಲೌಸಿನದು ಬೇಡ, ನೀನು ಸ್ವಲ್ಪ ಇಳಿದಿದ್ದೀಯ. ಲೈನಿಂಗ್ ಕಾಟನ್ನೇ ಹಾಕುತ್ತೇನೆ, ಮೇ ತಿಂಗಳ ಸೆಕೆ ಗೊತ್ತಲ್ಲ.

ನಿನ್ನ ಅಮ್ಮ