ಅಮ್ಮನ ಕಾಲಿನ ವಿಷಯ

ಸ್ಟಾಕ್‌ಹೋಮ್, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಮಸ್ಕಾರ. ನಾವಿಲ್ಲಿ ಕ್ಷೇಮ. ಅತ್ತಿಗೆ, ಮಕ್ಕಳು ಚೆನ್ನಾಗಿದ್ದಾರೆ ಅಂದ್ಕೋತೀನಿ. ಫೋನಲ್ಲಿ ಹೇಳಿದ್ದು ಮರೆತುಹೋಗುತ್ತೆ ಅಂತ ಬರೀತಿದ್ದೀನಿ, ಈ ಕಾಗದನ ಡಾಕ್ಟರ ಹತ್ರ ಹೋಗುವಾಗ ಜೇಬಲ್ಲಿಟ್ಕೊ.

ಅಮ್ಮ ರಾತ್ರಿಯೆಲ್ಲ ನಡುಮನೆಯಲ್ಲಿ ಓಡಾಡೋದು ವಯಸ್ಸಾಯ್ತು ಅಂತಲ್ಲ, ವಾಯುವೂ ಅಲ್ಲ, ಅಪ್ಪ ಹೇಳೋ ಹಾಗೆ ‘ಸುಮ್ನೆ ಮನಸ್ಸಿಗೆ ಹಚ್ಕೊಂಡಿರೋದು’ ಖಂಡಿತ ಅಲ್ಲ. ನೀನು ಬರೆದಿದ್ದೆಲ್ಲ ನೋಡಿದ್ರೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಅಂದ್ರೆ ಕಾಲು ಸುಮ್ಮನಿರಲಾರದ ಕಾಯಿಲೆ, ಇದ್ದ ಹಾಗಿದೆ. 1672ರಲ್ಲೇ ಥಾಮಸ್ ವಿಲ್ಲಿಸ್ ಅನ್ನೋ ಇಂಗ್ಲಿಷ್ ವೈದ್ಯ ಇದನ್ನ ಬರೆದಿಟ್ಟಿದ್ದ. 1945ರಲ್ಲಿ ಹೆಸರಿಟ್ಟು ವಿವರಿಸಿದ ಎಕ್‌ಬೊಮ್ ನಮ್ಮ ಈ ಸ್ವೀಡನ್ನಿನವನೇ! ಅಪ್ಪನಿಗೆ ಇಷ್ಟು ಓದಿ ಹೇಳು.

ಡಾಕ್ಟರ ಮುಂದೆ ‘ಕಾಲುನೋವು’ ಅನ್ನಬೇಡಿ, ಕ್ಯಾಲ್ಸಿಯಂ ಬರೆದು ಕಳಿಸಿಬಿಡ್ತಾರೆ. ಹೀಗೆ ಹೇಳಿ: ಕಾಲು ಆಡಿಸದೆ ಇರೋಕಾಗಲ್ಲ, ಕೂತಾಗ ಮಲಗಿದಾಗ ಶುರುವಾಗುತ್ತೆ, ಎದ್ದು ನಡೆದರೆ ನಡೆಯೋ ಅಷ್ಟು ಹೊತ್ತು ಹೋಗುತ್ತೆ, ಸಂಜೆಯಿಂದ ರಾತ್ರಿಗೆ ಜಾಸ್ತಿ. ಮೀನಖಂಡ ಗಟ್ಟಿ ಉಂಡೆಯಾಗಿ ಹಿಡ್ಕೊಳ್ಳಲ್ಲ ಅನ್ನೋದನ್ನೂ ಸೇರಿಸಿ, ಇಲ್ಲದಿದ್ರೆ ಸ್ನಾಯು ಸೆಳೆತ ಅಂದ್ಕೋತಾರೆ.

ಆಮೇಲೆ ಸೀರಮ್ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟು ಅಂತ ತೋರಿಸೋದು) ಮತ್ತೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಸಾಗೋ ಕಬ್ಬಿಣಾಂಶದ್ದು) ಪರೀಕ್ಷೆ ಕೇಳು. ಬೆಳಿಗ್ಗೆ ಖಾಲಿ ಹೊಟ್ಟೇಲಿ ರಕ್ತ ಕೊಡಬೇಕು. ಹಿಮೋಗ್ಲೋಬಿನ್ 12 ಇದೆ ಅಂತ ಬಿಟ್ಟುಬಿಡಬೇಡ, ರಕ್ತದಲ್ಲಿ ಸರಿಯಿದ್ರೂ ಮಿದುಳಿಗೆ ಕಬ್ಬಿಣಾಂಶ ಸಾಲದೆ ಹೋಗಬಹುದು. ಎಡವಟ್ಟಾಗೋದು ಇಲ್ಲೇ. ಫೆರಿಟಿನ್ 28 ಬಂದ್ರೂ ಲ್ಯಾಬಿನ ಹಾಳೇಲಿ ‘ನಾರ್ಮಲ್’ ಅಂತಲೇ ಇರುತ್ತೆ, ಆದ್ರೆ ಈ ಕಾಯಿಲೆಗೆ 75ಕ್ಕಿಂತ ಕಡಿಮೆಯಿದ್ರೆ ಕಬ್ಬಿಣಾಂಶ ಕೊಡಬೇಕು. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳುಸುಳ್ಳೇ ಏರುತ್ತೆ, ನೆಗಡಿ ಇದ್ರೆ ವಾರ ತಡೆದು ಹೋಗಿ.

ಕಬ್ಬಿಣಾಂಶದ ಮಾತ್ರೆ ಕೊಟ್ರೆ ದಿನಕ್ಕೊಂದು ಅಥವಾ ದಿನ ಬಿಟ್ಟು ದಿನ, ಖಾಲಿ ಹೊಟ್ಟೇಲಿ, ನಿಂಬೆಹಣ್ಣಿನ ಪಾನಕದ ಜೊತೆ. ಅಮ್ಮನ ಕಾಫಿಗೆ ಹಿಂದೆ ಮುಂದೆ ಎರಡು ಗಂಟೆ ಅಂತರ ಬೇಕು, ಹಾಲಿಗೂ ಅಷ್ಟೇ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ. ಮಲ ಕಪ್ಪಾಗುತ್ತೆ, ಗಾಬರಿ ಬೀಳಬೇಡಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಏರದಿದ್ರೆ ಡ್ರಿಪ್ಪಲ್ಲಿ ಹಾಕ್ತಾರೆ, ಖರ್ಚಿನ ಯೋಚನೆ ನಿನಗೆ ಬೇಡ, ನಾನು ಕಳಿಸ್ತೀನಿ. ಪರೀಕ್ಷೆ ಇಲ್ಲದೆ ಮಾತ್ರ ಪಕ್ಕದ ಮನೆಯವರು ಕೊಟ್ಟ ಕಬ್ಬಿಣದ ಟಾನಿಕ್ ಕುಡಿಸಬೇಡ. ಈ ವಯಸ್ಸಲ್ಲಿ ಕಬ್ಬಿಣ ಯಾಕೆ ಕಮ್ಮಿಯಾಯ್ತು ಅಂತಲೂ ನೋಡಬೇಕು. ಮೊಣಕಾಲಿಗೆ ನುಂಗೋ ನೋವಿನ ಮಾತ್ರೆ ಹೊಟ್ಟೇಲಿ ರಕ್ತ ಒಸರಿಸಬಹುದು. ಡಾಕ್ಟರಿಗೆ ಅದನ್ನ ಮುಚ್ಚಿಡಬೇಡಿ.

ನಿದ್ದೆಗೆ ಅಂತ ಕೊಟ್ಟಿರೋ ಅಮಿಟ್ರಿಪ್ಟಿಲಿನ್, ನೆಗಡಿ ಮಾತ್ರೆಯೊಳಗಿನ ಕ್ಲೋರ್‌ಫೆನಿರಮೈನ್, ವಾಂತಿಗೆ ಕೊಡೋ ಮೆಟೊಕ್ಲೊಪ್ರಮೈಡ್ ಇವೆಲ್ಲ ಈ ಚಡಪಡಿಕೆಯನ್ನ ಇನ್ನೂ ಕೆರಳಿಸಬಹುದು. ನಿದ್ದೆ ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬದಲಾಯಿಸೋಕೆ ಕೇಳಿ. ಈ ಕಾಯಿಲೆಗೆ ಪ್ರಮಿಪೆಕ್ಸೋಲ್ ಅನ್ನೋ ಮಾತ್ರೆ ಬರೆದ್ರೆ ಒಂದು ಮಾತು ಕೇಳು. ಮೊದಮೊದಲು ಜಾದೂ ತರಹ ಕೆಲಸ ಮಾಡುತ್ತೆ, ವರ್ಷಗಳು ಹೋದಂತೆ ರಾತ್ರಿಯದ್ದು ಮಧ್ಯಾಹ್ನಕ್ಕೇ ಶುರುವಾಗಿ ಕೈಗೂ ಹತ್ತಬಹುದು. ಆಗ ಡೋಸ್ ಏರಿಸಿದಷ್ಟೂ ಕೆಡುತ್ತೆ. ಅದಕ್ಕೇ 2025ರ ಅಮೆರಿಕದ ನಿದ್ರಾತಜ್ಞರ ಮಾರ್ಗಸೂಚಿ ಗಾಬಾಪೆಂಟಿನ್, ಪ್ರಿಗಾಬಲಿನ್ ಅನ್ನೋ ಬೇರೆ ಮಾತ್ರೆಗಳ ಕಡೆಗೆ ವಾಲಿದೆ. ಅದಕ್ಕೂ ಮೊದಲು ಕ್ರಿಯಾಟಿನಿನ್ ನೋಡಿಸು, ಮೂತ್ರಪಿಂಡ ಸೋತಿದ್ರೆ ಡೋಸ್ ಇಳಿಸಬೇಕು. ತಲೆ ತಿರುಗುತ್ತೆ, ಬಚ್ಚಲಿಗೆ ಹೋಗೋ ದಾರೀಲಿ ರಾತ್ರಿ ದೀಪ ಇರಲಿ.

ಅಲ್ಲಿಯವರೆಗೆ ಮಲಗೋ ಮುಂಚೆ ಬಿಸಿನೀರು ಹುಯ್ದು ಮೀನಖಂಡ ತಿಕ್ಕು. ಸಂಜೆ ಟಿವಿ ಮುಂದೆ ಸುಮ್ಮನೆ ಕೂರಿಸೋ ಬದಲು ಹೂ ಕಟ್ಟಲಿ, ಚೌಕಾಬಾರ ಆಡಲಿ. ತಲೆಗೆ ಕೆಲಸವಿದ್ರೆ ಕಾಲು ಸುಮ್ಮನಿರುತ್ತೆ. ಪುಟ್ಟಿ ಮದುವೆಗೆ ಬೆಂಗಳೂರಿಗೆ ರಾತ್ರಿ ಬಸ್ಸು ಬೇಡವೇ ಬೇಡ, ಬೆಳಿಗ್ಗೆ ರೈಲಲ್ಲಿ ಕರ್ಕೊಂಡು ಹೋಗು, ಎದ್ದು ಓಡಾಡಬಹುದು.

ಇಲ್ಲಿ ಆರೋಗ್ಯ ಸಹಾಯವಾಣಿ 1177ಕ್ಕೆ ಫೋನ್ ಮಾಡಿದ್ರೆ ನರ್ಸೇ ಎತ್ತಿ ಇಂಥದ್ದೆಲ್ಲ ಸಮಾಧಾನವಾಗಿ ಕೇಳ್ತಾರೆ, ಡಾಕ್ಟರನ್ನೂ ಬರೀ ಹೆಸರು ಹಿಡಿದು ಕರೀತಾರೆ! ಕಾಯಿಸೋದೂ ಕಾಯಿಸ್ತಾರೆ ಅನ್ನು. ಜೂನಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ನಾನು ಪರದೆ ಎಳೆದು ಚೆನ್ನಾಗೇ ಮಲಗ್ತೀನಿ, ಊಟಾನೂ ಸರಿಯಾಗಿ ಮಾಡ್ತೀನಿ, ನನ್ನ ಚಿಂತೆ ಯಾರಿಗೂ ಬೇಡ.

ಇದು ಪ್ರಾಣಕ್ಕೆ ಬರೋ ಕಾಯಿಲೆ ಅಲ್ಲ, ಅಮ್ಮ ಖಂಡಿತ ಸುಧಾರಿಸ್ತಾರೆ, ಹೆದರಬೇಡಿ, ನಿಜವಾಗ್ಲೂ ಹೆದರಬೇಡಿ. ಡ್ಯೂಟಿಗೆ ಹೊತ್ತಾಯ್ತು. ರಿಪೋರ್ಟಿನ ಫೋಟೋ ಅವತ್ತೇ ವಾಟ್ಸಾಪ್ ಮಾಡು. ಅಪ್ಪ, ಅಮ್ಮನಿಗೆ ನಮಸ್ಕಾರ.

ನಿನ್ನ ತಂಗಿ,
ಸುಮಾ